ಹದಿಹರೆಯದವರ ಗಣಿತ ಕಲಿಕೆಯಲ್ಲಿ ನಂಬಿಕೆ ಮತ್ತು ಭಾವನೆಗಳು

ಹದಿಹರೆಯದವರ ಗಣಿತ ಕಲಿಕೆಯಲ್ಲಿ ನಂಬಿಕೆ ಮತ್ತು ಭಾವನೆಗಳ ಪಾತ್ರವು ಶೈಕ್ಷಣಿಕ ಮನೋವಿಜ್ಞಾನ ಹಾಗೂ ಗಣಿತ ಶಿಕ್ಷಣ ಎಂಬ ಎರಡು ಕ್ಷೇತ್ರಗಳಿಗೆ ಸೇರಿದ ಅಧ್ಯಯನ ವಿಷಯವಾಗಿದೆ. ವಿದ್ಯಾರ್ಥಿಯು ಗಣಿತದ ಬಗ್ಗೆ ಮತ್ತು ತನ್ನ ಸಾಮರ್ಥ್ಯದ ಬಗ್ಗೆ ಹೊಂದಿರುವ ನಂಬಿಕೆಗಳು, ಲೆಕ್ಕ ಮಾಡುವಾಗ ಅನುಭವಿಸುವ ಆತಂಕ, ಆನಂದ, ಬೇಸರ ಮುಂತಾದ ಭಾವನೆಗಳು ಆತನ ಅಥವಾ ಆಕೆಯ ಸಾಧನೆಯನ್ನು ಹೇಗೆ ಪ್ರಭಾವಿಸುತ್ತವೆ ಎಂಬುದನ್ನು ಈ ಅಧ್ಯಯನಗಳು ಪರಿಶೀಲಿಸುತ್ತವೆ. ಈ ಪ್ರಭಾವವು ಹುಡುಗಿಯರಲ್ಲಿ ಮತ್ತು ಹುಡುಗರಲ್ಲಿ ಏಕರೀತಿಯಾಗಿದೆಯೇ ಎಂಬ ಪ್ರಶ್ನೆಯು 1970ರ ದಶಕದಿಂದ ಈ ಕ್ಷೇತ್ರದ ಮುಖ್ಯ ಚರ್ಚೆಗಳಲ್ಲಿ ಒಂದಾಗಿದೆ.

ಕನ್ನಡದಲ್ಲಿ ಗಣಿತವನ್ನು "ಕಬ್ಬಿಣದ ಕಡಲೆ" ಎಂದು ಕರೆಯುವ ರೂಢಿಯಿದೆ. ಈ ಮಾತು ವಿಷಯದ ಕಾಠಿಣ್ಯವನ್ನು ಹೇಳುವುದರ ಜೊತೆಗೆ, ಮಗುವು ವಿಷಯವನ್ನು ಎದುರುಗೊಳ್ಳುವ ಮೊದಲೇ ಅದರ ಬಗ್ಗೆ ಸಮಾಜದಿಂದ ಪಡೆಯುವ ನಂಬಿಕೆಯೊಂದನ್ನೂ ಸೂಚಿಸುತ್ತದೆ. ಕರ್ನಾಟಕದಲ್ಲಿ ಹತ್ತನೆಯ ತರಗತಿಯವರೆಗೆ ಗಣಿತವು ಕಡ್ಡಾಯ ವಿಷಯವಾಗಿದ್ದು, ಪದವಿಪೂರ್ವ ಹಂತದಲ್ಲಿ ಐಚ್ಛಿಕವಾಗುತ್ತದೆ. ಆದ್ದರಿಂದ ಹದಿಹರೆಯದಲ್ಲಿ ರೂಪುಗೊಳ್ಳುವ ನಂಬಿಕೆ ಮತ್ತು ಭಾವನೆಗಳು ಮುಂದಿನ ಓದು ಹಾಗೂ ಉದ್ಯೋಗದ ಆಯ್ಕೆಯ ಮೇಲೆ ನೇರ ಪರಿಣಾಮ ಬೀರುತ್ತವೆ.

ಪರಿಕಲ್ಪನೆಗಳು

ಅಮೆರಿಕದ ಗಣಿತ ಶಿಕ್ಷಣ ತಜ್ಞ ಡಗ್ಲಸ್ ಮ್ಯಾಕ್ಲಿಯಾಡ್ 1992ರಲ್ಲಿ ಗಣಿತ ಕಲಿಕೆಯ ಭಾವಾತ್ಮಕ ಅಂಶಗಳನ್ನು ನಂಬಿಕೆ, ಮನೋಧೋರಣೆ ಮತ್ತು ಭಾವನೆ ಎಂದು ಮೂರಾಗಿ ವಿಂಗಡಿಸಿದರು. ನಂಬಿಕೆಗಳು ನಿಧಾನವಾಗಿ ರೂಪುಗೊಂಡು ದೀರ್ಘಕಾಲ ಉಳಿಯುತ್ತವೆ. ಭಾವನೆಗಳು ತೀವ್ರವಾಗಿದ್ದರೂ ಬೇಗ ಬದಲಾಗುತ್ತವೆ. ಮನೋಧೋರಣೆಯು ಇವೆರಡರ ನಡುವೆ ನಿಲ್ಲುತ್ತದೆ.

ನಂಬಿಕೆಗಳಲ್ಲಿ ಹೆಚ್ಚು ಅಧ್ಯಯನಕ್ಕೊಳಗಾದುದು ಸ್ವಸಾಮರ್ಥ್ಯದ ನಂಬಿಕೆ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಈ ಪರಿಕಲ್ಪನೆಯ ಪ್ರಕಾರ, ನಿರ್ದಿಷ್ಟ ಕೆಲಸವೊಂದನ್ನು ತಾನು ಮಾಡಬಲ್ಲೆನೆಂಬ ನಂಬಿಕೆಯು ವ್ಯಕ್ತಿಯ ಪ್ರಯತ್ನ ಮತ್ತು ಛಲವನ್ನು ನಿರ್ಧರಿಸುತ್ತದೆ. ಈ ನಂಬಿಕೆಗೆ ನಾಲ್ಕು ಮೂಲಗಳಿವೆ: ಸ್ವಂತ ಯಶಸ್ಸಿನ ಅನುಭವ, ತನ್ನಂತಹ ಇತರರು ಯಶಸ್ವಿಯಾಗುವುದನ್ನು ನೋಡುವುದು, ಹಿರಿಯರ ಹಾಗೂ ಗೆಳೆಯರ ಪ್ರೋತ್ಸಾಹ ಮತ್ತು ಆ ಹೊತ್ತಿನ ದೈಹಿಕ ಹಾಗೂ ಭಾವನಾತ್ಮಕ ಸ್ಥಿತಿ. ಇವುಗಳಲ್ಲಿ ಸ್ವಂತ ಯಶಸ್ಸಿನ ಅನುಭವವನ್ನು ಅತ್ಯಂತ ಪ್ರಬಲವೆಂದು ಪರಿಗಣಿಸಲಾಗಿದೆ.

ಬುದ್ಧಿಶಕ್ತಿಯು ಹುಟ್ಟಿನಿಂದಲೇ ನಿಗದಿಯಾಗಿರುತ್ತದೆಯೇ ಅಥವಾ ಅಭ್ಯಾಸದಿಂದ ಬೆಳೆಯುತ್ತದೆಯೇ ಎಂಬ ನಂಬಿಕೆಯು ಮತ್ತೊಂದು ಮುಖ್ಯ ವರ್ಗ. ಇದನ್ನು ಕರೋಲ್ ಡ್ವೆಕ್ ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. "ನಮ್ಮ ಮನೆಯಲ್ಲಿ ಯಾರಿಗೂ ಲೆಕ್ಕ ಬರುವುದಿಲ್ಲ" ಎಂಬ ಮಾತು ಮೊದಲನೆಯ ಬಗೆಯ ನಂಬಿಕೆಗೆ ಉದಾಹರಣೆ. ಗಣಿತದ ಉಪಯುಕ್ತತೆಯ ಕುರಿತಾದ ನಂಬಿಕೆ ಮೂರನೆಯ ವರ್ಗ. ಜಾಕ್ವೆಲಿನ್ ಎಕಲ್ಸ್ ಮತ್ತು ಸಹೋದ್ಯೋಗಿಗಳು 1983ರಲ್ಲಿ ರೂಪಿಸಿದ ಸಿದ್ಧಾಂತದ ಪ್ರಕಾರ, ವಿದ್ಯಾರ್ಥಿಯು ಒಂದು ವಿಷಯವನ್ನು ಆಯ್ದುಕೊಳ್ಳುವುದು ಅದರಲ್ಲಿ ಯಶಸ್ಸಿನ ನಿರೀಕ್ಷೆ ಮತ್ತು ಅದಕ್ಕೆ ತಾನು ಕೊಡುವ ಬೆಲೆ ಇವೆರಡನ್ನೂ ಅವಲಂಬಿಸಿರುತ್ತದೆ.

ಭಾವನೆಗಳ ವಿಚಾರದಲ್ಲಿ ರೈನ್‌ಹಾರ್ಡ್ ಪೆಕ್ರುನ್ 2006ರಲ್ಲಿ ಮಂಡಿಸಿದ ನಿಯಂತ್ರಣ-ಮೌಲ್ಯ ಸಿದ್ಧಾಂತವು ಪ್ರಮುಖವಾದುದು. ಫಲಿತಾಂಶವು ತನಗೆ ಮಹತ್ವದ್ದೆಂದು ತಿಳಿದಿದ್ದು, ಅದರ ಮೇಲೆ ತನಗೆ ನಿಯಂತ್ರಣವಿಲ್ಲವೆಂದು ಅನ್ನಿಸಿದಾಗ ಆತಂಕ ಉಂಟಾಗುತ್ತದೆ. ನಿಯಂತ್ರಣವೂ ಇದ್ದು ವಿಷಯವೂ ಮೌಲ್ಯಯುತವೆನಿಸಿದರೆ ಆನಂದ ಉಂಟಾಗುತ್ತದೆ. ವಿಷಯಕ್ಕೆ ಬೆಲೆಯೇ ಇಲ್ಲವೆನಿಸಿದರೆ ಬೇಸರ ಹುಟ್ಟುತ್ತದೆ. ಆತಂಕವೂ ಬೇಸರವೂ ಭಿನ್ನ ಕಾರಣಗಳಿಂದ ಬರುವುದರಿಂದ ಅವುಗಳಿಗೆ ಒಂದೇ ಪರಿಹಾರ ಸಾಲದು.

ಅಧ್ಯಯನದ ಇತಿಹಾಸ

1957ರಲ್ಲಿ ರಾಲ್ಫ್ ಡ್ರೆಗರ್ ಮತ್ತು ಲೂಯಿಸ್ ಐಕೆನ್ ಕಾಲೇಜು ವಿದ್ಯಾರ್ಥಿಗಳಲ್ಲಿ "ಸಂಖ್ಯಾ ಆತಂಕ"ವನ್ನು ಗುರುತಿಸಿ, ಅದು ಸಾಮಾನ್ಯ ಆತಂಕಕ್ಕಿಂತ ಭಿನ್ನವಾದುದೆಂದು ಸೂಚಿಸಿದರು. 1972ರಲ್ಲಿ ಫ್ರಾಂಕ್ ರಿಚರ್ಡ್‌ಸನ್ ಮತ್ತು ರಿಚರ್ಡ್ ಸುಯಿನ್ 98 ಅಂಶಗಳ ಗಣಿತ ಆತಂಕ ಮಾಪನಿಯನ್ನು ಪ್ರಕಟಿಸಿದರು. 1976ರಲ್ಲಿ ಎಲಿಜಬೆತ್ ಫೆನ್ನೆಮಾ ಮತ್ತು ಜೂಲಿಯಾ ಶರ್ಮನ್ ಗಣಿತ ಮನೋಧೋರಣೆಯನ್ನು ಅಳೆಯುವ ಒಂಬತ್ತು ಮಾಪನಿಗಳನ್ನು ರೂಪಿಸಿದರು. ಆತ್ಮವಿಶ್ವಾಸ, ಆತಂಕ, ಉಪಯುಕ್ತತೆ, ತಂದೆ, ತಾಯಿ ಮತ್ತು ಶಿಕ್ಷಕರ ನಿರೀಕ್ಷೆ, ಗಣಿತವನ್ನು ಪುರುಷರ ಕ್ಷೇತ್ರವೆಂದು ಭಾವಿಸುವ ಪ್ರವೃತ್ತಿ ಮುಂತಾದವು ಇವುಗಳಲ್ಲಿ ಸೇರಿವೆ. ಲಿಂಗ ವ್ಯತ್ಯಾಸದ ಅಧ್ಯಯನಗಳಿಗೆ ಈ ಮಾಪನಿಗಳು ಬುನಾದಿ ಹಾಕಿದವು.

1990ರಲ್ಲಿ ರೇ ಹೆಂಬ್ರಿ 151 ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ, ಶಾಲಾ ಮಕ್ಕಳಲ್ಲಿ ಆತಂಕ ಮತ್ತು ಸಾಧನೆಯ ನಡುವೆ ಸುಮಾರು -0.34ರಷ್ಟು ಸಹಸಂಬಂಧವಿದೆ ಎಂದು ತೋರಿಸಿದರು. 1999ರಲ್ಲಿ ಶಿನ್ ಮಾ 26 ಅಧ್ಯಯನಗಳನ್ನು ಆಧರಿಸಿ -0.27ರ ಸಹಸಂಬಂಧವನ್ನು ಕಂಡುಕೊಂಡರು. ಋಣ ಚಿಹ್ನೆಯು ಆತಂಕ ಹೆಚ್ಚಿದಂತೆ ಸಾಧನೆ ತಗ್ಗುವುದನ್ನು ಸೂಚಿಸುತ್ತದೆ. ಈ ಸಂಖ್ಯೆಗಳನ್ನು ವರ್ಗಗೊಳಿಸಿದರೆ, ವಿದ್ಯಾರ್ಥಿಗಳ ಅಂಕಗಳಲ್ಲಿನ ವ್ಯತ್ಯಾಸದ ಸುಮಾರು ಶೇ. 7ರಿಂದ 12ರಷ್ಟು ಭಾಗ ಮಾತ್ರ ಆತಂಕದೊಂದಿಗೆ ಸಂಬಂಧ ಹೊಂದಿದೆ ಎಂದಾಗುತ್ತದೆ. ಇದು ಕಡೆಗಣಿಸುವಷ್ಟು ಚಿಕ್ಕದಲ್ಲ. ಆದರೆ ಬೋಧನೆಯ ಗುಣಮಟ್ಟ, ಹಿಂದಿನ ತರಗತಿಗಳ ಕಲಿಕೆ, ಮನೆಯ ಪರಿಸ್ಥಿತಿ ಮುಂತಾದವುಗಳಿಗೆ ಇದು ಬದಲಿಯೂ ಅಲ್ಲ.

ಪ್ರಭಾವ ಬೀರುವ ಬಗೆ

ಆತಂಕವು ಸಾಧನೆಯನ್ನು ಮುಖ್ಯವಾಗಿ ಎರಡು ದಾರಿಗಳಲ್ಲಿ ಕುಗ್ಗಿಸುತ್ತದೆ. ಮೊದಲನೆಯದು ಕಾರ್ಯಕಾರಿ ಸ್ಮೃತಿಯ ಮೂಲಕ. ಲೆಕ್ಕ ಮಾಡುವಾಗ ನಡುವಿನ ಉತ್ತರಗಳನ್ನು ಕ್ಷಣಕಾಲ ಮನಸ್ಸಿನಲ್ಲಿ ಹಿಡಿದಿಡಬೇಕಾಗುತ್ತದೆ. "ತಪ್ಪಾದರೆ ಏನು ಗತಿ" ಎಂಬ ಚಿಂತೆಯು ಅದೇ ಜಾಗವನ್ನು ಆಕ್ರಮಿಸುತ್ತದೆ. ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕರ್ಕ್ 2001ರಲ್ಲಿ ನಡೆಸಿದ ಪ್ರಯೋಗಗಳಲ್ಲಿ, ದಶಕಸಹಿತ ಸಂಕಲನದಂತಹ ಲೆಕ್ಕಗಳನ್ನು ಸ್ಮೃತಿಗೆ ಹೆಚ್ಚಿನ ಹೊರೆಯಿದ್ದಾಗ ಮಾಡುವಲ್ಲಿ ಆತಂಕವುಳ್ಳವರು ವಿಶೇಷವಾಗಿ ಹಿಂದೆ ಬಿದ್ದರು. ಮನೆಯಲ್ಲಿ ಬಿಡಿಸಿದ ಲೆಕ್ಕವು ಪರೀಕ್ಷಾ ಕೊಠಡಿಯಲ್ಲಿ ಮರೆತುಹೋಗುವ ಅನುಭವವನ್ನು ಈ ವಿವರಣೆಯಿಂದ ಅರ್ಥಮಾಡಿಕೊಳ್ಳಬಹುದು.

ಎರಡನೆಯ ದಾರಿ ತಪ್ಪಿಸಿಕೊಳ್ಳುವಿಕೆ. ಭಯ ಹುಟ್ಟಿಸುವ ವಿಷಯದಿಂದ ವಿದ್ಯಾರ್ಥಿಯು ದೂರ ಸರಿಯುತ್ತಾನೆ, ಅಭ್ಯಾಸ ಕಡಿಮೆಯಾಗುತ್ತದೆ, ಅಂಕ ಇಳಿಯುತ್ತದೆ, ಇಳಿದ ಅಂಕವು ಭಯವನ್ನು ಹೆಚ್ಚಿಸುತ್ತದೆ. ಇಯಾನ್ ಲಯನ್ಸ್ ಮತ್ತು ಸಿಯಾನ್ ಬೈಲಾಕ್ 2012ರಲ್ಲಿ ನಡೆಸಿದ ಮೆದುಳಿನ ಅಧ್ಯಯನದಲ್ಲಿ, ಆತಂಕ ಹೆಚ್ಚಿದ್ದವರಲ್ಲಿ ನೋವಿನ ಅರಿವಿಗೆ ಸಂಬಂಧಿಸಿದ ಭಾಗಗಳು ಗಣಿತವನ್ನು ಮಾಡುವಾಗ ಅಲ್ಲ, ಮಾಡಬೇಕಾಗಿದೆ ಎಂದು ಕಾಯುವಾಗ ಸಕ್ರಿಯವಾದವು. ಕಡಿಮೆ ಅಂಕವು ಆತಂಕಕ್ಕೆ ಕಾರಣವೋ, ಆತಂಕವು ಕಡಿಮೆ ಅಂಕಕ್ಕೆ ಕಾರಣವೋ ಎಂಬ ಪ್ರಶ್ನೆಗೆ, ಎರಡೂ ಪರಸ್ಪರ ಪೋಷಿಸುತ್ತವೆ ಎಂಬ ಉತ್ತರವನ್ನು ಇಂದು ಹೆಚ್ಚಿನ ಸಂಶೋಧಕರು ಒಪ್ಪುತ್ತಾರೆ.

ಲಿಂಗ ವ್ಯತ್ಯಾಸಗಳು

ಅಂಕ ಮತ್ತು ಆತ್ಮವಿಶ್ವಾಸ

ನಿಕೋಲ್ ಎಲ್ಸ್-ಕ್ವೆಸ್ಟ್, ಜ್ಯಾನೆಟ್ ಹೈಡ್ ಮತ್ತು ಮಾರ್ಸಿಯಾ ಲಿನ್ 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು 69 ದೇಶಗಳ 14ರಿಂದ 16 ವರ್ಷದ ಸುಮಾರು 4.93 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು ಒಳಗೊಂಡಿತ್ತು. ಸಾಧನೆಯಲ್ಲಿ ಹುಡುಗ ಹುಡುಗಿಯರ ನಡುವಿನ ಸರಾಸರಿ ವ್ಯತ್ಯಾಸವು ಅತ್ಯಲ್ಪವಾಗಿತ್ತು. ಆದರೆ ಆತ್ಮವಿಶ್ವಾಸ ಮತ್ತು ಆಸಕ್ತಿಯಲ್ಲಿ ಹುಡುಗರು ಮುಂದಿದ್ದರು, ಆತಂಕದಲ್ಲಿ ಹುಡುಗಿಯರು ಮುಂದಿದ್ದರು. ದೇಶದಿಂದ ದೇಶಕ್ಕೆ ಈ ಅಂತರಗಳು ಬಹಳವಾಗಿ ಬದಲಾಗುತ್ತಿದ್ದುದರಿಂದ, ಅವುಗಳನ್ನು ಕೇವಲ ಜೈವಿಕ ಕಾರಣಗಳಿಂದ ವಿವರಿಸಲು ಸಾಧ್ಯವಿಲ್ಲವೆಂದು ತಿಳಿಯಲಾಗಿದೆ.

ಪೀಸಾ ಎಂಬ ಅಂತರರಾಷ್ಟ್ರೀಯ ಮೌಲ್ಯಮಾಪನದ 2012ರ ಸುತ್ತಿನಲ್ಲಿ, ಸದಸ್ಯ ರಾಷ್ಟ್ರಗಳ 15 ವರ್ಷದ ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 59ರಷ್ಟು ಮಂದಿ ಗಣಿತ ತರಗತಿಗಳು ತಮಗೆ ಕಷ್ಟವಾಗಬಹುದೆಂದು ಆಗಾಗ ಚಿಂತಿಸುವುದಾಗಿ ತಿಳಿಸಿದರು. ಒಂದೇ ಮಟ್ಟದ ಆತ್ಮವಿಶ್ವಾಸ ಮತ್ತು ಆತಂಕವುಳ್ಳ ಹುಡುಗ ಹುಡುಗಿಯರನ್ನು ಹೋಲಿಸಿದಾಗ ಅವರ ಅಂಕಗಳ ಅಂತರವು ಬಹುಮಟ್ಟಿಗೆ ಇಲ್ಲವಾಗುತ್ತದೆ ಎಂದು ಇದೇ ಮಾಹಿತಿಯ ವಿಶ್ಲೇಷಣೆ ತೋರಿಸಿತು.

ವರದಿಯಾದ ಆತಂಕ ಮತ್ತು ಅನುಭವಿಸಿದ ಆತಂಕ

ಥಾಮಸ್ ಗೆಟ್ಸ್ ಮತ್ತು ಸಹೋದ್ಯೋಗಿಗಳ 2013ರ ಅಧ್ಯಯನವು ಈ ಚಿತ್ರಕ್ಕೆ ಮುಖ್ಯ ತಿದ್ದುಪಡಿಯನ್ನು ತಂದಿತು. "ಸಾಮಾನ್ಯವಾಗಿ ನಿಮಗೆ ಗಣಿತದ ಭಯವಿದೆಯೇ" ಎಂದು ಕೇಳಿದಾಗ ಹುಡುಗಿಯರು ಹೆಚ್ಚಿನ ಆತಂಕವನ್ನು ವರದಿ ಮಾಡಿದರು. ಆದರೆ ತರಗತಿ ಮತ್ತು ಪರೀಕ್ಷೆಯ ನಡುವೆಯೇ ಆ ಕ್ಷಣದ ಭಾವನೆಯನ್ನು ಕೇಳಿದಾಗ ಹುಡುಗ ಹುಡುಗಿಯರ ನಡುವೆ ವ್ಯತ್ಯಾಸ ಕಾಣಲಿಲ್ಲ. ತಮ್ಮ ಸಾಮರ್ಥ್ಯದ ಬಗೆಗಿನ ಕೀಳಂದಾಜು ಹುಡುಗಿಯರ ಸಾಮಾನ್ಯ ಉತ್ತರವನ್ನು ಭಾಗಶಃ ರೂಪಿಸುತ್ತದೆ ಎಂದು ಸಂಶೋಧಕರು ವಿವರಿಸಿದರು. ಆದರೆ ಮುಂದಿನ ವಿಷಯವನ್ನು ಆಯ್ದುಕೊಳ್ಳುವಾಗ ವಿದ್ಯಾರ್ಥಿಯು ಇಂತಹ ಸಾಮಾನ್ಯ ಅಭಿಪ್ರಾಯವನ್ನೇ ಆಧರಿಸುವ ಸಾಧ್ಯತೆ ಹೆಚ್ಚು.

ಹಿರಿಯರ ಪ್ರಭಾವ

ಬೈಲಾಕ್ ಮತ್ತು ಸಹೋದ್ಯೋಗಿಗಳ 2010ರ ಅಧ್ಯಯನದಲ್ಲಿ, ಅಮೆರಿಕದ ಒಂದು ಮತ್ತು ಎರಡನೆಯ ತರಗತಿಗಳ ಶಿಕ್ಷಕಿಯರಲ್ಲಿ ಗಣಿತ ಆತಂಕ ಹೆಚ್ಚಿದ್ದಷ್ಟೂ, ವರ್ಷಾಂತ್ಯದಲ್ಲಿ ಅವರ ಹುಡುಗಿಯರು "ಗಣಿತ ಹುಡುಗರಿಗೆ, ಓದು ಹುಡುಗಿಯರಿಗೆ" ಎಂದು ನಂಬುವ ಸಾಧ್ಯತೆ ಹೆಚ್ಚಾಗಿತ್ತು. ಹಾಗೆ ನಂಬಿದ ಹುಡುಗಿಯರ ಸಾಧನೆ ಕಡಿಮೆಯಾಗಿತ್ತು. ಹುಡುಗರಲ್ಲಿ ಇಂತಹ ಪರಿಣಾಮ ಕಾಣಲಿಲ್ಲ. ಈ ಅಧ್ಯಯನದಲ್ಲಿ 17 ಶಿಕ್ಷಕಿಯರು ಮಾತ್ರ ಇದ್ದರು ಎಂಬುದನ್ನು ಗಮನಿಸಬೇಕು. 2015ರ ಮತ್ತೊಂದು ಅಧ್ಯಯನದಲ್ಲಿ, ಗಣಿತದ ಭಯವಿರುವ ಪೋಷಕರು ಮನೆಗೆಲಸದಲ್ಲಿ ಪದೇ ಪದೇ ನೆರವಾದಾಗ ಮಕ್ಕಳ ಕಲಿಕೆ ಕುಗ್ಗಿ ಆತಂಕ ಹೆಚ್ಚಿದುದು ಕಂಡುಬಂದಿತು.

ಹುಡುಗರ ಸ್ಥಿತಿ

ಗಣಿತ ಆತಂಕವನ್ನು ಹುಡುಗಿಯರ ಸಮಸ್ಯೆಯೆಂದು ಮಾತ್ರ ನೋಡುವುದು ಸರಿಯಲ್ಲ. ಹೆಂಬ್ರಿಯವರ ವಿಶ್ಲೇಷಣೆಯ ಪ್ರಕಾರ ಹುಡುಗಿಯರಲ್ಲಿ ಆತಂಕದ ಮಟ್ಟ ಹೆಚ್ಚಿದ್ದರೂ, ಕಾಲೇಜುಪೂರ್ವ ಹಂತದಲ್ಲಿ ಆತಂಕದಿಂದಾಗುವ ಸಾಧನೆಯ ಕುಸಿತ ಮತ್ತು ವಿಷಯದಿಂದ ದೂರ ಸರಿಯುವಿಕೆ ಹುಡುಗರಲ್ಲೇ ಹೆಚ್ಚು ತೀವ್ರವಾಗಿತ್ತು. "ಹುಡುಗನಾಗಿ ಲೆಕ್ಕ ಬರುವುದಿಲ್ಲವೇ" ಎಂಬ ಮಾತಿನ ಮುಂದೆ ಭಯವನ್ನು ಒಪ್ಪಿಕೊಳ್ಳಲಾಗದ ಹುಡುಗನು ಅದನ್ನು ಉಡಾಫೆ ಅಥವಾ ಗೈರುಹಾಜರಿಯಾಗಿ ತೋರ್ಪಡಿಸಬಹುದು. ಪ್ರಶ್ನಾವಳಿಗಳಲ್ಲಿ ಇಂತಹ ಆತಂಕವು ದಾಖಲಾಗದೆ ಉಳಿಯುವ ಸಾಧ್ಯತೆಯಿದೆ.

ಭಾರತ ಮತ್ತು ಕರ್ನಾಟಕದಲ್ಲಿ

ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ಕ್ಕಾಗಿ ಗಣಿತಜ್ಞ ಆರ್. ರಾಮಾನುಜಂ ಅವರ ಅಧ್ಯಕ್ಷತೆಯಲ್ಲಿ ಎನ್‌ಸಿಇಆರ್‌ಟಿ ರಚಿಸಿದ ತಂಡವು, ಶಾಲಾ ಗಣಿತದ ಮೂಲ ಸಮಸ್ಯೆಗಳಲ್ಲಿ ಮೊದಲನೆಯದಾಗಿ ಬಹುಪಾಲು ಮಕ್ಕಳಲ್ಲಿರುವ ಭಯ ಮತ್ತು ಸೋಲಿನ ಭಾವನೆಯನ್ನು ಗುರುತಿಸಿತು. ಪಠ್ಯಪುಸ್ತಕಗಳಲ್ಲಿ ಮಹಿಳಾ ಗಣಿತಜ್ಞರ ಪ್ರಸ್ತಾಪವಿಲ್ಲದಿರುವುದು ಮತ್ತು ಲೆಕ್ಕಗಳ ಸನ್ನಿವೇಶಗಳಲ್ಲಿ ಮಹಿಳೆಯರ ಬದುಕು ಕಾಣದಿರುವುದು ಗಣಿತವನ್ನು ಪುರುಷರ ಕ್ಷೇತ್ರವೆಂದು ಬಿಂಬಿಸುತ್ತವೆ ಎಂದೂ ಅದು ಹೇಳಿತು.

14ರಿಂದ 18 ವರ್ಷದ ಗ್ರಾಮೀಣ ಯುವಜನರನ್ನು ಕುರಿತ ಅಸರ್ 2023ರ ವರದಿಯ ಪ್ರಕಾರ, ಮೂರಂಕಿ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕವನ್ನು ಸುಮಾರು ಶೇ. 43ರಷ್ಟು ಮಂದಿ ಮಾತ್ರ ಮಾಡಬಲ್ಲವರಾಗಿದ್ದರು. ಪ್ರಾದೇಶಿಕ ಭಾಷೆಯ ಓದಿನಲ್ಲಿ ಹುಡುಗಿಯರು ಮುಂದಿದ್ದರೆ, ಅಂಕಗಣಿತದಲ್ಲಿ ಹುಡುಗರು ಮುಂದಿದ್ದರು.

ಕರ್ನಾಟಕದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಒಟ್ಟು ಫಲಿತಾಂಶದಲ್ಲಿ ಹುಡುಗಿಯರು ವರ್ಷದಿಂದ ವರ್ಷಕ್ಕೆ ಮೇಲುಗೈ ಸಾಧಿಸುತ್ತಾ ಬಂದಿದ್ದಾರೆ. 2024ರ ಮೊದಲ ಪರೀಕ್ಷೆಯಲ್ಲಿ ಹುಡುಗಿಯರ ಉತ್ತೀರ್ಣತೆ ಶೇ. 81.11 ಮತ್ತು ಹುಡುಗರದು ಶೇ. 65.90 ಆಗಿತ್ತು. ಇದು ಎಲ್ಲ ವಿಷಯಗಳ ಒಟ್ಟು ಫಲಿತಾಂಶವೇ ಹೊರತು ಗಣಿತದ್ದು ಮಾತ್ರವಲ್ಲ. ಒಟ್ಟಾರೆ ಮುಂದಿರುವ ಹುಡುಗಿಯರು ಗಣಿತಾಧಾರಿತ ಕ್ಷೇತ್ರಗಳಲ್ಲಿ ಏಕೆ ಕಡಿಮೆ ಕಾಣುತ್ತಾರೆ ಎಂಬ ಪ್ರಶ್ನೆಗೆ ತೋಮಾ ಬ್ರೆಡಾ ಮತ್ತು ಕ್ಲೋಟಿಲ್ಡ್ ನಾಪ್ 2019ರಲ್ಲಿ ನೀಡಿದ ಒಂದು ವಿವರಣೆ ಹೀಗಿದೆ: ವಿದ್ಯಾರ್ಥಿಗಳು ಗಣಿತದಲ್ಲಿ ತಾವು ಎಷ್ಟು ಸಮರ್ಥರು ಎಂಬುದಕ್ಕಿಂತ, ತಮ್ಮ ಇತರ ವಿಷಯಗಳಿಗೆ ಹೋಲಿಸಿದರೆ ಎಷ್ಟು ಸಮರ್ಥರು ಎಂಬುದನ್ನು ನೋಡಿ ಆಯ್ಕೆ ಮಾಡುತ್ತಾರೆ. ಗಣಿತದಲ್ಲಿ ಹುಡುಗನಷ್ಟೇ ಅಂಕ ಪಡೆದ ಹುಡುಗಿಯು ಭಾಷೆಯಲ್ಲಿ ಅವನಿಗಿಂತ ಮುಂದಿದ್ದರೆ, ಗಣಿತವು ತನ್ನ ದುರ್ಬಲ ವಿಷಯವೆಂದು ಭಾವಿಸುವ ಸಾಧ್ಯತೆಯಿದೆ.

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ಸಂದರ್ಭ

ಶಾಲಾ ವ್ಯವಸ್ಥೆ

ಉತ್ತರ ಕನ್ನಡ ಜಿಲ್ಲೆಯನ್ನು ಶಾಲಾ ಆಡಳಿತಕ್ಕಾಗಿ ಕಾರವಾರ ಮತ್ತು ಶಿರಸಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ವಿಂಗಡಿಸಲಾಗಿದೆ. ಕರಾವಳಿಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳು ಅಂಕೋಲಾ ಹಾಗೂ ಕಾರವಾರದೊಂದಿಗೆ ಮೊದಲನೆಯದಕ್ಕೆ ಸೇರಿವೆ. ಕುಮಟಾದಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಹಾಗೂ ಕಮಲಾ ಬಾಳಿಗಾ ಶಿಕ್ಷಣ ಮಹಾವಿದ್ಯಾಲಯಗಳಿದ್ದು, ಈ ಪಟ್ಟಣವು ಶಿಕ್ಷಕ ತರಬೇತಿಯ ಕೇಂದ್ರವಾಗಿದೆ. ಶಿಕ್ಷಕರ ಆತಂಕವು ಮಕ್ಕಳಿಗೆ ದಾಟಬಲ್ಲದೆಂಬ ಸಂಶೋಧನೆಯ ಹಿನ್ನೆಲೆಯಲ್ಲಿ ಇಂತಹ ಸಂಸ್ಥೆಗಳ ಪಾತ್ರ ಮುಖ್ಯವಾದುದು.

ಭಟ್ಕಳದಲ್ಲಿ 1919ರಲ್ಲಿ ಸ್ಥಾಪನೆಯಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆಯು ಹುಡುಗಿಯರಿಗಾಗಿ ಪ್ರತ್ಯೇಕ ಶಾಲಾ ಕಾಲೇಜುಗಳನ್ನೂ ನಡೆಸುತ್ತದೆ. ಪ್ರತ್ಯೇಕ ಶಾಲೆಗಳು ಹುಡುಗಿಯರ ಗಣಿತದ ಆತ್ಮವಿಶ್ವಾಸವನ್ನು ಹೆಚ್ಚಿಸುತ್ತವೆಯೇ ಎಂಬುದು ಜಗತ್ತಿನಾದ್ಯಂತ ಚರ್ಚೆಗೊಳಗಾದ ಪ್ರಶ್ನೆ. ಎರಿನ್ ಪಾಲ್ಕೆ, ಹೈಡ್ ಮತ್ತು ಕಾರ್ಲಿ ಆಲಿಸನ್ 2014ರಲ್ಲಿ 21 ದೇಶಗಳ 184 ಅಧ್ಯಯನಗಳನ್ನು ಪರಿಶೀಲಿಸಿದರು. ವಿದ್ಯಾರ್ಥಿಗಳ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಅಧ್ಯಯನಗಳಲ್ಲಿ ಸಹಶಿಕ್ಷಣಕ್ಕೂ ಪ್ರತ್ಯೇಕ ಶಿಕ್ಷಣಕ್ಕೂ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಇರಲಿಲ್ಲ. ಆದರೆ ಪ್ರತ್ಯೇಕ ಶಾಲೆಯಿದ್ದರೆ ಮಾತ್ರ ಮಗಳನ್ನು ಮುಂದೆ ಓದಿಸುವ ಕುಟುಂಬಗಳ ಮಟ್ಟಿಗೆ, ಅಂಕಗಳ ಹೋಲಿಕೆಗಿಂತ ಓದು ಮುಂದುವರಿಯುವುದೇ ಮೊದಲ ಪ್ರಶ್ನೆಯಾಗಿರುತ್ತದೆ.

ಭಾಷೆ ಮತ್ತು ಸಂಖ್ಯಾಪದಗಳು

ಈ ಮೂರು ತಾಲೂಕುಗಳಲ್ಲಿ ಕನ್ನಡದ ಜೊತೆಗೆ ಕೊಂಕಣಿ, ನವಾಯತಿ ಮತ್ತು ಉರ್ದು ಮನೆಮಾತುಗಳಾಗಿವೆ. ಕನ್ನಡದ "ಇಪ್ಪತ್ತೈದು" ಎಂಬ ಪದದಲ್ಲಿ, 25 ಎಂದು ಬರೆಯುವ ಕ್ರಮದಲ್ಲಿಯೇ ಹತ್ತರ ಸ್ಥಾನ ಮೊದಲು, ಬಿಡಿ ಸ್ಥಾನ ಅನಂತರ ಬರುತ್ತದೆ. ಕೊಂಕಣಿಯ "ಪಂಚವೀಸ", ಉರ್ದುವಿನ "ಪಚ್ಚೀಸ್" ಪದಗಳಲ್ಲಿ ಬಿಡಿ ಅಂಕಿ ಮೊದಲು ಬರುತ್ತದೆ. ಉರ್ದುವಿನಲ್ಲಿ 29ಕ್ಕೆ ಇರುವ "ಉಂತೀಸ್" ಎಂಬ ಪದವು ಮೂವತ್ತಕ್ಕೆ ಒಂದು ಕಡಿಮೆ ಎಂಬ ರಚನೆಯದು. ಇದೇ ರೀತಿ ಬಿಡಿ ಅಂಕಿಯನ್ನು ಮೊದಲು ಹೇಳುವ ಜರ್ಮನ್ ಭಾಷೆಯ ಚಿಕ್ಕ ಮಕ್ಕಳು ಕೇಳಿದ ಸಂಖ್ಯೆಯನ್ನು ಬರೆಯುವಾಗ ಅಂಕಿಗಳನ್ನು ಅದಲು ಬದಲು ಮಾಡುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಇಂತಹ ತಪ್ಪುಗಳು ಭಾಷೆಯ ರಚನೆಯಿಂದ ಹುಟ್ಟುವಂಥವು. ಅವುಗಳನ್ನು ದಡ್ಡತನವೆಂದು ಪರಿಗಣಿಸಿದರೆ, ಮಗುವಿನಲ್ಲಿ ತನಗೆ ಲೆಕ್ಕ ಬಾರದು ಎಂಬ ನಂಬಿಕೆ ಬೇರೂರಲು ಎಡೆಯಾಗುತ್ತದೆ.

ದುಡಿಮೆಯ ಲೆಕ್ಕ ಮತ್ತು ಶಾಲೆಯ ಗಣಿತ

ಕರಾವಳಿಯ ದೈನಂದಿನ ದುಡಿಮೆಯಲ್ಲಿ ಗಣಿತವು ಹಾಸುಹೊಕ್ಕಾಗಿದೆ. ಭಟ್ಕಳ, ಹೊನ್ನಾವರದ ಕಾಸರಕೋಡ ಮತ್ತು ಕುಮಟಾ ತಾಲೂಕಿನ ತದಡಿಯ ಬಂದರುಗಳಲ್ಲಿ ಮೀನಿನ ಹರಾಜು ಮತ್ತು ಪಾಲು ಹಂಚಿಕೆ, ಅಡಿಕೆಯ ತೂಕ ಮತ್ತು ಧಾರಣೆ, ಭಟ್ಕಳ ಮಲ್ಲಿಗೆಯ ಮೊಗ್ಗೆಣಿಕೆ, ಮೀನು ಮಾರುವ ಮಹಿಳೆಯರು ಬಾಯಲ್ಲೇ ಮಾಡುವ ಚೌಕಾಸಿ ಮತ್ತು ಚಿಲ್ಲರೆ ಲೆಕ್ಕ ಇದಕ್ಕೆ ಉದಾಹರಣೆಗಳು. ಇವುಗಳಲ್ಲಿ ಹಲವು ಮಹಿಳೆಯರು ಮಾಡುವ ಕೆಲಸಗಳಾಗಿವೆ. ಆದರೂ ಇವುಗಳನ್ನು ಸಾಮಾನ್ಯವಾಗಿ "ಗಣಿತ" ಎಂದು ಕರೆಯುವುದಿಲ್ಲ.

ಟೆರೆಜಿನ್ಹಾ ನೂನ್ಸ್ ಮತ್ತು ಸಹೋದ್ಯೋಗಿಗಳು ಬ್ರೆಜಿಲಿನ ಬೀದಿ ವ್ಯಾಪಾರದ ಮಕ್ಕಳಲ್ಲಿ ಕಂಡಂತೆ, ಮಾರುಕಟ್ಟೆಯಲ್ಲಿ ಸರಿಯಾಗಿ ಲೆಕ್ಕ ಹಾಕುವವರು ಅದೇ ಲೆಕ್ಕವನ್ನು ಕಾಗದದ ಮೇಲೆ ಕೊಟ್ಟಾಗ ಎಡವುತ್ತಾರೆ. 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಹಸಂಶೋಧಕರು ಕೋಲ್ಕತ್ತಾ ಹಾಗೂ ದೆಹಲಿಯ ಮಾರುಕಟ್ಟೆಗಳ ಮಕ್ಕಳ ಬಗ್ಗೆ ಪ್ರಕಟಿಸಿದ ಅಧ್ಯಯನವೂ ಇದನ್ನೇ ದೃಢಪಡಿಸಿತು. ಶಾಲೆಯಲ್ಲಿ ಮಾತ್ರ ಕಲಿತ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಹಿಂದುಳಿದುದನ್ನೂ ಅದು ತೋರಿಸಿತು. ಬಂಡೂರರ ಸಿದ್ಧಾಂತದ ದೃಷ್ಟಿಯಿಂದ, ತಾಯಿ ಅಥವಾ ಅಜ್ಜಿಯ ದುಡಿಮೆಯ ಲೆಕ್ಕವನ್ನು ಗಣಿತವೆಂದು ಗುರುತಿಸುವುದು ಹುಡುಗಿಗೆ ತನ್ನಂತಹವರ ಯಶಸ್ಸಿನ ಮಾದರಿಯನ್ನು ಒದಗಿಸಬಲ್ಲದು.

ಆತಂಕವನ್ನು ತಗ್ಗಿಸುವ ಕ್ರಮಗಳು

- ಹಂತಹಂತದ ಯಶಸ್ಸು: ವಿದ್ಯಾರ್ಥಿಯ ಈಗಿನ ಮಟ್ಟದಿಂದ ಆರಂಭಿಸಿ, ಬಿಡಿಸಬಲ್ಲ ಲೆಕ್ಕಗಳಿಂದ ಕಠಿಣವಾದವುಗಳಿಗೆ ಸಾಗುವುದು. ಕಲಿಕೆಯ ಕೊರತೆಯನ್ನು ತುಂಬದೆ ಧೈರ್ಯವನ್ನಷ್ಟೇ ಹೇಳುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ.
- ತಪ್ಪುಗಳನ್ನು ಕಾಣುವ ಬಗೆ: ಉತ್ತರದ ಜೊತೆಗೆ ವಿದ್ಯಾರ್ಥಿಯ ಆಲೋಚನೆಯನ್ನೂ ಕೇಳುವುದು, ತಪ್ಪನ್ನು ಹಾಸ್ಯಕ್ಕೆ ಗುರಿಮಾಡದಿರುವುದು.
- ಸಮಯದ ಒತ್ತಡ: ಕಲಿಕೆಯ ಹಂತದಲ್ಲಿ ವೇಗದ ಪರೀಕ್ಷೆಗಳನ್ನು ಕಡಿಮೆ ಮಾಡುವುದು.
- ಚಿಂತೆಯನ್ನು ಬರೆಯುವುದು: ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತಮ್ಮ ಚಿಂತೆಗಳನ್ನು ಬರೆದ ಆತಂಕಿತ ವಿದ್ಯಾರ್ಥಿಗಳ ಸಾಧನೆ ಸುಧಾರಿಸಿತು ಎಂದು ಹೆರಾರ್ಡೊ ರಮಿರೆಜ್ ಮತ್ತು ಬೈಲಾಕ್ 2011ರಲ್ಲಿ ವರದಿ ಮಾಡಿದರು.
- ಪರೀಕ್ಷಾ ಸುಧಾರಣೆ: ಕರ್ನಾಟಕದಲ್ಲಿ 2024ರಿಂದ ಎಸ್‌ಎಸ್‌ಎಲ್‌ಸಿಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ಬರೆಯುವ ಅವಕಾಶವಿದ್ದು, ಅತ್ಯುತ್ತಮ ಅಂಕವನ್ನು ಉಳಿಸಿಕೊಳ್ಳಬಹುದು. ಒಂದೇ ದಿನದ ಮೇಲೆ ಎಲ್ಲವೂ ನಿಂತಿದೆ ಎಂಬ ಭಾವನೆಯನ್ನು ಇದು ತಗ್ಗಿಸಬಲ್ಲದು.
- ಪ್ರಾಥಮಿಕ ಹಂತದ ಚಟುವಟಿಕೆಗಳು: ಅಕ್ಷರ ಫೌಂಡೇಶನ್ ಸಹಯೋಗದ ಗಣಿತ ಕಲಿಕಾ ಆಂದೋಲನವು ಸರ್ಕಾರಿ ಶಾಲೆಗಳಲ್ಲಿ ಕಲಿಕಾ ಸಾಮಗ್ರಿಗಳ ಮೂಲಕ ಗಣಿತವನ್ನು ಪರಿಚಯಿಸುತ್ತದೆ.

ಭಿನ್ನಾಭಿಪ್ರಾಯಗಳು

ಸ್ಟೀವನ್ ಸ್ಪೆನ್ಸರ್, ಕ್ಲಾಡ್ ಸ್ಟೀಲ್ ಮತ್ತು ಡಯಾನ್ ಕ್ವಿನ್ 1999ರಲ್ಲಿ, ಮಹಿಳೆಯರು ಗಣಿತದಲ್ಲಿ ಹಿಂದು ಎಂಬ ರೂಢಿಗತ ಅಭಿಪ್ರಾಯದ ನೆನಪೇ ಅವರ ಸಾಧನೆಯನ್ನು ಕುಗ್ಗಿಸುತ್ತದೆ ಎಂದು ವಾದಿಸಿದರು. ಈ ಪರಿಣಾಮವು ಪಠ್ಯಪುಸ್ತಕಗಳಲ್ಲಿಯೂ ಸೇರಿತು. ಆದರೆ 2018ರಲ್ಲಿ ನೆದರ್ಲೆಂಡ್ಸಿನ ಎರಡು ಸಾವಿರಕ್ಕೂ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನದಲ್ಲಿ ಅಂತಹ ಪರಿಣಾಮ ಕಂಡುಬರಲಿಲ್ಲ. ಬುದ್ಧಿಶಕ್ತಿ ಬೆಳೆಯಬಲ್ಲದೆಂಬ ನಂಬಿಕೆಯನ್ನು ಕಲಿಸುವ ಕಾರ್ಯಕ್ರಮಗಳ ಫಲವೂ ಸೀಮಿತವಾದುದು. ಅಮೆರಿಕದ ಸುಮಾರು 12,000 ವಿದ್ಯಾರ್ಥಿಗಳನ್ನು ಒಳಗೊಂಡ 2019ರ ಅಧ್ಯಯನದಲ್ಲಿ, ಹಿಂದುಳಿದ ವಿದ್ಯಾರ್ಥಿಗಳ ಅಂಕ ಸರಾಸರಿಯು ನಾಲ್ಕರ ಮಾಪಕದಲ್ಲಿ ಸುಮಾರು 0.1ರಷ್ಟು ಏರಿತು.

ಈ ಕ್ಷೇತ್ರದ ಹೆಚ್ಚಿನ ಅಧ್ಯಯನಗಳು ಅಮೆರಿಕ ಮತ್ತು ಯುರೋಪಿನವು. ಬಹುಭಾಷಿಕ ತರಗತಿ, ಸಾರ್ವಜನಿಕ ಪರೀಕ್ಷೆಯ ಒತ್ತಡ, ಟ್ಯೂಷನ್ ಪದ್ಧತಿ ಮತ್ತು ಹತ್ತನೆಯ ತರಗತಿಯ ನಂತರದ ಕೌಟುಂಬಿಕ ನಿರ್ಧಾರಗಳು ಮುಖ್ಯವಾಗಿರುವ ಸಮಾಜಗಳಿಗೆ ಅವುಗಳ ತೀರ್ಮಾನಗಳನ್ನು ನೇರವಾಗಿ ಅನ್ವಯಿಸಲಾಗದು. ಹುಡುಗಿಯರ ಆತ್ಮವಿಶ್ವಾಸವನ್ನು ಮಾತ್ರ ತಿದ್ದಬೇಕೆಂಬ ಧೋರಣೆಯು ಶಾಲೆ, ಪಠ್ಯ ಮತ್ತು ಸಮಾಜದ ಹೊಣೆಯನ್ನು ಮರೆಮಾಚುತ್ತದೆ ಎಂಬ ಟೀಕೆಯೂ ಇದೆ.

ಇವನ್ನೂ ನೋಡಿ

- ಗಣಿತ ಶಿಕ್ಷಣ
- ಶೈಕ್ಷಣಿಕ ಮನೋವಿಜ್ಞಾನ
- ಉತ್ತರ ಕನ್ನಡ
- ಹದಿಹರೆಯ